ಹರಳಹಳ್ಳಿಯ ಪುಸ್ತಕಮನೆಗೆ

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನವರು ಬಾಳಿ ಬದುಕಿದ ಮನೆಯನ್ನು ತೆರವು ಮಾಡಬೇಕಾಗಿ ಬಂದಿತು. ಅವರು ತೀರಿಕೊಂಡು ಎರಡು ವರ್ಷಗಳಾಗಿದ್ದುವು. ಚಿಕ್ಕಮ್ಮನವರು ಬೆಂಗಳೂರಿನಲ್ಲಿರುವ ಮಗನ ಮನೆಯನ್ನು ಸೇರುವುದೆಂದು ನಿಶ್ಚಯವಾಗಿದ್ದಿತು. ಪಾತ್ರೆಪಡಗಗಳನ್ನು ನೆಂಟರಿಷ್ಟರು ಹಂಚಿಕೊಂಡರು. ತೊಟ್ಟಿಲಿಗೆ, ಒರಳುಕಲ್ಲಿಗೆ ಕೂಡ ಕೇಳುವವರು ಹುಟ್ಟಿಕೊಂಡರು. ಯಾರಿಗೂ ಬೇಡವಾಗಿ ಉಳಿದುವು ಪುಸ್ತಕಗಳು. 35 ವರ್ಷ ಉಪಾಧ್ಯಾಯವೃತ್ತಿಯಲ್ಲಿದ್ದ ಚಿಕ್ಕಪ್ಪನವರು ಸಂಬಳದಲ್ಲಿ ಉಳಿಸಿ ಉಳಿಸಿ ಕೊಂಡಿದ್ದ ಪುಸ್ತಕಗಳು 400ಕ್ಕೆ ಕಡಮೆಯಿಲ್ಲ. ಒಂದೊಂದರ ಅಂಚಿನಲ್ಲಿಯೂ ಅವರ ಸೀಸದಕಡ್ಡಿಯ ಸಣ್ಣ ಬರಹ.

ಹಳೆಯ ಕಾಗದ ಕೊಳ್ಳುವವನು ತಕ್ಕಡಿಯೊಡನೆ ಬಂದು, ರಟ್ಟು ಕಿತ್ತುಕೊಟ್ಟರೆ ಒಂದು ದರ, ಕೀಳದಿದ್ದರೆ ಇನ್ನೊಂದು ದರ ಎಂದನು. ಚಿಕ್ಕಮ್ಮನವರು, “ತೂಕಕ್ಕೆ ಹಾಕಲು ಇವೇನು ತೂತುಬಿದ್ದ ತಪ್ಪಲೆಯೇನಪ್ಪಾ?” ಎಂದು ಅವನನ್ನು ಕಳುಹಿಸಿಬಿಟ್ಟರು. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕೆಂದು ಮಕ್ಕಳಿಗೆ ಕಲಿಸಿ, ನವರಾತ್ರಿಯಲ್ಲಿ ಹೂವೇರಿಸಿ ಪೂಜಿಸಿದ ವಸ್ತುವನ್ನು ತಕ್ಕಡಿಗೆ ಹಾಕುವುದು ಸುಲಭವಲ್ಲ. ಸಮೀಪದ ಒಂದು ವಾಚನಾಲಯದಲ್ಲಿ ವಿಚಾರಿಸಿದೆವು. ಕಪಾಟುಗಳು ತುಂಬಿವೆ, ಹಳೆಯ ಪುಸ್ತಕಗಳನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂದಿತು. ಅವರ ಮಾತೂ ಸುಳ್ಳಲ್ಲ.

ಕಡೆಗೆ ನೆನಪಾದುದು ಪಾಂಡವಪುರದ ಬಳಿಯ ಹರಳಹಳ್ಳಿ. ಅಲ್ಲಿ ಅಂಕೇಗೌಡರೆಂಬುವರು ಪುಸ್ತಕಮನೆಯನ್ನು ಕಟ್ಟಿರುವರೆಂದು ಪತ್ರಿಕೆಗಳಲ್ಲಿ ಓದಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಏಳು ಮೂಟೆಗಳನ್ನು ಬಾಡಿಗೆಯ ಗಾಡಿಯಲ್ಲಿ ಹೇರಿಕೊಂಡು ಹೊರಟೆವು. ಚಿಕ್ಕಮ್ಮನವರು ತಾವೂ ಬರುವೆನೆಂದು ಮುಂದಿನ ಪೀಠದಲ್ಲಿ ಕುಳಿತರು. ಮಗಳನ್ನು ಕೊಡುವ ಮನೆಯನ್ನು ಕಣ್ಣಾರೆ ನೋಡದೆ ಒಪ್ಪಿಕೊಳ್ಳುವುದುಂಟೆ ಎಂಬುದು ಅವರ ವಾದ.

ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ ಮುಂದೆ ಹೋದರೆ ಎರಡು ಕಡೆಯೂ ಕಬ್ಬಿನ ಗದ್ದೆಗಳು. ಕನ್ನಂಬಾಡಿಯ ನಾಲೆಯ ನೀರುಂಡ ಸೀಮೆಯಿದು. ಪಾಂಡವಪುರಕ್ಕೆ ಹಿಂದೆ ಹಿರೋಡೆಯೆಂದು ಹೆಸರಿದ್ದಿತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ನಡುವೆ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಪಾಂಡವರು ವನವಾಸದಲ್ಲಿ ತಂಗಿದ್ದರೆಂಬ ಐತಿಹ್ಯಕ್ಕೆ ಸಾಕ್ಷಿಯಾಗಿ ಕುಂತಿಬೆಟ್ಟವು ಊರ ಪಕ್ಕದಲ್ಲಿಯೇ ನಿಂತಿದೆ. ಮನೆ ಬಿಟ್ಟವರಿಗೆ ನೆರಳು ಕೊಡುವುದು ಈ ಊರಿಗೆ ಹೊಸದಲ್ಲವೆಂದು ನಾವು ಹೇಳಿದಾಗ ಚಿಕ್ಕಮ್ಮನವರು ನಗಲಿಲ್ಲ.

ಅಂಕೇಗೌಡರು ಸಿರಿವಂತರ ಮನೆಯಲ್ಲಿ ಹುಟ್ಟಿದವರಲ್ಲ. ಎಳೆಯ ವಯಸ್ಸಿನಲ್ಲಿ ಬಸ್ಸಿನ ಕಂಡಕ್ಟರರಾಗಿದ್ದು, ಬಳಿಕ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕ ದುಡಿದವರು. ಕನ್ನಡದಲ್ಲಿ ಎಂ.ಎ. ಪದವಿಯನ್ನು ಪಡೆದವರು. ಸಂಪಾದನೆಯ ಬಹುಭಾಗವನ್ನು ಪುಸ್ತಕಗಳಿಗೇ ಸುರಿದು, ಅದೂ ಸಾಲದಾಗಿ ಮೈಸೂರಿನಲ್ಲಿದ್ದ ನಿವೇಶನವನ್ನು ಮಾರಿದರು. ಉದ್ಯಮಿ ಹರಿ ಖೋಡೆಯವರ ನೆರವಿನಿಂದ ಕಟ್ಟಡವೆದ್ದಿತು. ಪುಸ್ತಕಗಳ ಸಂಖ್ಯೆ 20 ಲಕ್ಷವೆಂದು ಹೇಳುವರು. 2026ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಘೋಷಿಸಿತು.

ಇವೆಲ್ಲ ನಮಗೆ ತಿಳಿದಿದ್ದ ಸಂಗತಿಗಳೇ. ಆದರೂ ಒಳಗೆ ಕಾಲಿಟ್ಟೊಡನೆ ನಾವು ನಿಂತಲ್ಲಿಯೇ ನಿಂತೆವು. ಕಪಾಟುಗಳು ತುಂಬಿ, ಅವುಗಳ ನೆತ್ತಿ ತುಂಬಿ, ನೆಲದ ಮೇಲೆ ರಾಶಿ ರಾಶಿಯಾಗಿ ಪುಸ್ತಕಗಳು. ನಡೆಯುವುದಕ್ಕೆ ಗದ್ದೆಯ ಬದುವಿನಷ್ಟು ದಾರಿ. ಇನ್ನೂ ಬಿಚ್ಚದ ಮೂಟೆಗಳು ಬೇರೆ. ಸುಗ್ಗಿಯಲ್ಲಿ ರಾಗಿಯ ಚೀಲಗಳನ್ನು ಒಟ್ಟಿದಂತೆ ಒಂದರ ಮೇಲೊಂದಾಗಿ ಕುಳಿತಿದ್ದುವು. ಹಳೆಯ ಕಾಗದದ ವಾಸನೆ ಗಂಟಲವರೆಗೆ ಬಂದಿತು. ಅಲ್ಲಲ್ಲಿ ಪರೀಕ್ಷೆಗೆ ಓದುವ ಹುಡುಗರು ನೆಲದ ಮೇಲೆ ಕುಳಿತಿದ್ದರು. ಬಾಗಿಲು ಎಲ್ಲರಿಗೂ ತೆರೆದಿದೆ, ಹಣ ಕೇಳುವವರಿಲ್ಲ.

ಚಿಕ್ಕಮ್ಮನವರು ಮೂಟೆಗಳ ಒಟ್ಟಿಲನ್ನು ಬಹಳ ಹೊತ್ತು ನೋಡಿ, “ಇಲ್ಲಿ ಬಿಟ್ಟುಹೋದರೆ ಯಾರ ಕೈಗೆ ಸಿಕ್ಕಾವು?” ಎಂದರು.

ನಮಗೆ ಉತ್ತರ ಹೊಳೆಯಲಿಲ್ಲ. ಅವರೇ ಮುಂದುವರಿದು, “ನಿಮ್ಮ ಚಿಕ್ಕಪ್ಪ ಹೇಳುತ್ತಿದ್ದ ಓಲೆಗರಿಯ ಕಥೆ ನೆನಪಿದೆಯೇ?” ಎಂದು ಕೇಳಿದರು. ನೆನಪಿಲ್ಲದೆ ಉಂಟೆ! ಕುಕ್ಕರಹಳ್ಳಿ ಕೆರೆಯ ಕಡೆಗೆ ತಿರುಗಾಡಲು ಹೋದಾಗಲೆಲ್ಲ ಓರಿಯಂಟಲ್ ಲೈಬ್ರರಿಯ ಕಟ್ಟಡವನ್ನು ತೋರಿಸಿ ಅವರು ಅದನ್ನು ಹೇಳದೆ ಬಿಡುತ್ತಿರಲಿಲ್ಲ. 1891ರಲ್ಲಿ ಸ್ಥಾಪಿತವಾದ ಆ ಭಂಡಾರಕ್ಕೆ 1905ರಲ್ಲಿ ತಂಜಾವೂರು ಸೀಮೆಯ ಒಬ್ಬ ಪಂಡಿತನು ಗ್ರಂಥಲಿಪಿಯ ಒಂದು ಓಲೆಯ ಕಟ್ಟನ್ನು ತಂದೊಪ್ಪಿಸಿದನು. ಆ ಪಂಡಿತನ ಹೆಸರು ಲೋಕಕ್ಕೆ ಪರಿಚಿತವಾಗಲಿಲ್ಲ. ಭಂಡಾರದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕಟ್ಟನ್ನು ಬಿಚ್ಚಿ ಓದಿ, ಕಳೆದೇಹೋಯಿತೆಂದು ವಿದ್ವಾಂಸರು ಬಗೆದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು ಗುರುತಿಸಿದರು. 1909ರಲ್ಲಿ ಮೂಲವೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಅಚ್ಚಾದುವು.

“ಆ ಪಂಡಿತ ತಂದು ಕೊಟ್ಟದ್ದು ದೊಡ್ಡದೇ. ಆದರೆ ಬಿಚ್ಚಿ ನೋಡುವವರು ಅಲ್ಲಿದ್ದರಲ್ಲ!” ಎಂದರು ಚಿಕ್ಕಮ್ಮನವರು.

ಅವರ ಮಾತು ನಮಗೆ ನಾಟಿತು. ಒಬ್ಬ ಮನುಷ್ಯನು ತನ್ನ ಆಯುಷ್ಯವನ್ನೂ ಸೊತ್ತನ್ನೂ ವೆಚ್ಚಮಾಡಿ ಇಷ್ಟನ್ನು ಕೂಡಿಸಿರುವಾಗ, ಒಂದೊಂದನ್ನೂ ವಿಂಗಡಿಸಿ ಬರೆದಿಡಲಿ ಎಂದು ಅಪೇಕ್ಷಿಸುವುದು ನ್ಯಾಯವಲ್ಲ. ನಮ್ಮಂತಹವರು ಮನೆಯ ಭಾರವನ್ನು ಇಳಿಸಿಕೊಳ್ಳಲೆಂದು ಮೂಟೆಗಳನ್ನು ತಂದೊಟ್ಟಿ, ದಾನಮಾಡಿದೆವೆಂಬ ತೃಪ್ತಿಯಿಂದ ಹಿಂದಿರುಗುವೆವು. ಬಿಚ್ಚುವ ಕಷ್ಟವನ್ನು ಮಾತ್ರ ಅವರಿಗೆ ಬಿಡುವೆವು. ನಮ್ಮ ಏಳು ಮೂಟೆಗಳನ್ನೂ ಹಾಗೆಯೇ ಕಟ್ಟಿ ತಂದಿದ್ದೆವು. ಒಂದು ಪಟ್ಟಿಯನ್ನಾದರೂ ಬರೆದಿರಲಿಲ್ಲ.

ಆಮೇಲೆ ನಾವು ಮಾಡಿದುದು ಇಷ್ಟೆ. ಊರೊಳಗಿನ ಅಂಗಡಿಯಿಂದ ಒಂದು ನೋಟುಪುಸ್ತಕವನ್ನೂ ದಾರದ ಉಂಡೆಯನ್ನೂ ತಂದು, ಜಗಲಿಯ ಮೇಲೆ ಮೂಟೆಗಳನ್ನು ಬಿಚ್ಚಿದೆವು. ಚಿಕ್ಕಮ್ಮನವರು ಒಂದೊಂದಾಗಿ ಹೆಸರನ್ನು ಓದುತ್ತ ಹೋದರು, ನಾವು ಬರೆದುಕೊಂಡೆವು. ವ್ಯಾಕರಣ ಒಂದು ಕಟ್ಟು, ಗಣಿತ ಒಂದು, ಕಾದಂಬರಿಗಳು ಮೂರು. ಕಟ್ಟಿಗೊಂದು ಚೀಟಿ. ಬಿಚ್ಚಿದ ಮೇಲೆ ನಮಗೇ ನಾಚಿಕೆಯಾಯಿತು: ಗೆದ್ದಲು ತಿಂದವು, ಬದಲಾಗಿಹೋದ ಪಠ್ಯಕ್ರಮದ ಗೈಡುಗಳು, ನಾಲ್ಕರಲ್ಲಿ ಮೂರನೆಯ ಸಂಪುಟ ಮಾತ್ರ ಉಳಿದವು, ಎರಡು ಮೂಟೆಗಳಷ್ಟು ಇಂತಹವೇ. ಪುಸ್ತಕವನ್ನು ಕೊಡಬೇಕೆನ್ನುವ ಗೃಹಿಣಿಯರು ಮನೆಯಲ್ಲಿಯೇ ಬಿಸಿಲಿಗೆ ಹರಡಿ, ಹಾಳೆಗಳನ್ನು ಕೊಡವಿ ನೋಡುವುದು ಒಳ್ಳೆಯದು. ಹುಳು ಹಿಡಿದ ಒಂದು ಪುಸ್ತಕ ಪಕ್ಕದವುಗಳಿಗೂ ಅದನ್ನು ಹಬ್ಬಿಸಬಲ್ಲುದು. ಹಾಳೆಗಳ ನಡುವೆ ಏನು ಸಿಕ್ಕೀತೆಂಬುದನ್ನೂ ಹೇಳಲಾಗದು. ನಮಗೆ ಸಿಕ್ಕಿದುವು ಒಂದು ಹಳೆಯ ಜಾತಕ, ಚಿಕ್ಕಮ್ಮನವರ ಕೈಬರಹದಲ್ಲಿದ್ದ ದಿನಸಿಯ ಚೀಟಿ ಮತ್ತು ಐದು ರೂಪಾಯಿಯ ಒಂದು ನೋಟು.

ಒಳಗೆ ಓದುತ್ತಿದ್ದ ಹುಡುಗರಲ್ಲಿ ಇಬ್ಬರು ತಾವಾಗಿ ಬಂದು ಕಟ್ಟು ಕಟ್ಟಲು ನಿಂತರು. ಅವರಲ್ಲಿ ಒಬ್ಬನ ಕೈಗೆ ಚಿಕ್ಕಪ್ಪನವರ ಹಳೆಯ ಬೀಜಗಣಿತ ಬಂದಿತು. ಅಂಚಿನಲ್ಲಿ ಅವರು ಲೆಕ್ಕವನ್ನು ಬೇರೊಂದು ದಾರಿಯಿಂದ ಬಿಡಿಸಿ ತೋರಿಸಿದ್ದರು. ಹುಡುಗನು ದಾರವನ್ನು ಮರೆತು ಮೆಟ್ಟಿಲ ಮೇಲೆ ಕುಳಿತು ಅದನ್ನೇ ನೋಡತೊಡಗಿದನು. ನಾವು ಕರೆಯಬೇಕೆಂದಿರುವಾಗ ಚಿಕ್ಕಮ್ಮನವರು ಬೇಡವೆಂದು ಕಣ್ಸನ್ನೆ ಮಾಡಿದರು.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಪಟ್ಟಿ ಮುಗಿಯಿತು: 312 ಪುಸ್ತಕಗಳು. ನೋಟುಪುಸ್ತಕವನ್ನು ಕಟ್ಟುಗಳ ಮೇಲಿಟ್ಟು ಒಪ್ಪಿಸಿದೆವು. ಬೀಜಗಣಿತಕ್ಕೂ ಚೀಟಿ ಅಂಟಿಸಿಯಾಯಿತು, ಆದರೆ ಅದು ಕಟ್ಟಿನೊಳಗೆ ಸೇರಲಿಲ್ಲ. ಚಿಕ್ಕಮ್ಮನವರು ತಮಗೆಂದು ಒಂದೇ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡರು. ಯಾವುದೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಿಂದಿರುಗುವಾಗ ಗಾಡಿಯಲ್ಲಿ ಎರಡು ಮೂಟೆಗಳು ಉಳಿದಿದ್ದುವು. ಮರುದಿನ ತಕ್ಕಡಿಯವನನ್ನು ನಾವೇ ಕರೆಯಿಸಿದೆವು. ಗೈಡುಗಳ ರಟ್ಟುಗಳನ್ನು ಚಿಕ್ಕಮ್ಮನವರು ತಾವೇ ಕುಳಿತು ಕಿತ್ತುಕೊಟ್ಟರು.