ಬ್ರೇಕ್ ಪೈಪಿನ ದಾರಿ

ಹಿಮಾಯತ್‌ನಗರದ ರಸ್ತೆಯಲ್ಲಿ ಎತ್ತರಿಸಿದ ಥಾರ್ ಜೀಪು ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಚಕ್ರದ ಹಿಂದಿನ ಬ್ರೇಕ್ ಹೋಸಿಗೆ. ಗಾಡಿ ಸಮನೆಲದಲ್ಲಿ ನಿಂತಾಗ ತೆಗೆದ ಅಳತೆ ಸಾಲದು. ವಿಕಾರಾಬಾದಿನ ಅನಂತಗಿರಿ ಕಡೆ ಗುಂಡಿಗಿಳಿದು ಒಂದು ಚಕ್ರ ಗಾಳಿಯಲ್ಲಿ ತೂಗುತ್ತದಲ್ಲ, ಆಗ ಅದು ಎಷ್ಟು ಕೆಳಗಿಳಿಯುತ್ತದೋ ಅಷ್ಟಕ್ಕೂ ಹೋಸು ಎಟುಕಬೇಕು. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದರೂ ಟೈರಿಗೆ ಉಜ್ಜಬಾರದು. ಉಕ್ಕಿನ ಪೈಪು ಹಿಂದಿನ ಆ್ಯಕ್ಸಲ್‌ನ ಮೇಲ್ಬದಿಯಲ್ಲೇ ಹಾಯಲಿ, ಕೆಳಗಿದ್ದರೆ ಕಲ್ಲಿನ ಪಾಲು. ಸೈಲೆನ್ಸರಿನಿಂದಲೂ ದೂರವಿರಲಿ, ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಸೀದಾ ನೆಲಕ್ಕೆ. ತಾಮ್ರದ ಪೈಪು ಬಗ್ಗಿಸಲು ಸುಲಭ, ನಿಜ. ಆದರೆ ಅದುರಿ ಅದುರಿ ಬಿರುಕು ಬಿಡುತ್ತದೆ, ಬೇಡ. ಬಂಪರಿಗೆ ಸಾವಿರಗಟ್ಟಲೆ ಸುರಿಯುವವರೇ, ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸುವ ದಿನವೇ ಉದ್ದದ ಹೋಸನ್ನೂ ಹಾಕಿಸಿಬಿಡಿ.