ನಡುವೆ ಒಂದು ಹಗಲು ಬಿಡುವು

ಮಂಡ್ಯ ಜಿಲ್ಲೆಗೆ ಕಡಲಿಲ್ಲ. ಕಾವೇರಿ, ಹೇಮಾವತಿ, ಶಿಂಷಾ, ಲೋಕಪಾವನಿ, ವೀರವೈಷ್ಣವಿ ಎಂದು ಐದು ನದಿಗಳ ಹೆಸರು ಹೇಳಿಕೊಳ್ಳುತ್ತೇವೆ ನಿಜ. ಆದರೆ ಹಡಗು ತೇಲಿಸುವಷ್ಟು ನೀರು ನಮ್ಮಲ್ಲಿಲ್ಲ, ಇರುವ ನೀರಿಗೇ ಕೋರ್ಟು ಕಚೇರಿ ಅಲೆದಾಗಿದೆ. ಹೀಗಿದ್ದೂ ಕ್ರೂಸ್ ಹಡಗಿನವರ ಒಂದು ತಲೆನೋವು ಮಂಡ್ಯದವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಒಂದು ಪ್ರಯಾಣ ಮುಗಿದು ಇನ್ನೊಂದು ಶುರುವಾಗುವ ನಡುವೆ ಸಿಕ್ಕುವ ಒಂದೇ ಒಂದು ಹಗಲನ್ನು ಏನು ಮಾಡುವುದು?

ಈ ತಲೆನೋವನ್ನು ನಮ್ಮ ಮನೆಗೆ ತಂದವರು ಅಮೆರಿಕದ ನೆಂಟರು. ನಿವೃತ್ತರಾದ ಮೇಲೆ ಗಂಡ ಹೆಂಡತಿ ಇಬ್ಬರಿಗೂ ಹಡಗಿನ ಹುಚ್ಚು. ಒಂದು ವಾರದ ಯಾನ ಮುಗಿಯಿತೆಂದು ಇಳಿದು ಮನೆಗೆ ಹೋಗುವ ಪೈಕಿ ಅಲ್ಲ. ಅದೇ ಹಡಗಿನಲ್ಲಿ ಬೆನ್ನಿಗೇ ಇನ್ನೊಂದು ವಾರ. ಹಡಗು ನಸುಕಿನಲ್ಲಿ ಬಂದರು ಸೇರುತ್ತದೆ. ಸಾವಿರಾರು ಜನ ಪೆಟ್ಟಿಗೆ ಎಳೆದುಕೊಂಡು ಇಳಿಯುತ್ತಾರೆ. ಹಾಸಿಗೆ ಹೊದಿಕೆ ಬದಲಾಗುತ್ತವೆ, ಹಾಲು ತರಕಾರಿ ಒಳಗೆ ಹೋಗುತ್ತವೆ, ಮಧ್ಯಾಹ್ನ ಹೊಸ ಜನ ಹತ್ತುತ್ತಾರೆ, ಸಂಜೆಗೆ ಲಂಗರು ಎತ್ತಿದರಾಯಿತು. ಎರಡನೆಯ ವಾರಕ್ಕೂ ಉಳಿದವರಿಗೆ ಬೇರೆ ಕಾರ್ಡು. ಕೆಲವು ಬಂದರುಗಳಲ್ಲಿ ಹಡಗು ಪೂರ್ತಿ ಖಾಲಿಯಾಯಿತೆಂದು ಅಧಿಕಾರಿಗಳು ಒಪ್ಪುವ ತನಕ ಅವರೂ ಕೆಳಗಿಳಿದು ಕಾಯಬೇಕು. ಆಮೇಲೆ ಸಂಜೆವರೆಗೆ ಊರು ನೋಡಲು ಬಿಡುವು. ಹಡಗಿನವರೇ ಏರ್ಪಡಿಸಿದ ಸುತ್ತಾಟಕ್ಕೆ ಹೋಗಿ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿ ಹಿಡಿದು ಹೋದವರು ತಡ ಮಾಡಿದರೆ ದಡದಲ್ಲಿ ನಿಂತು ಟಾಟಾ ಮಾಡಬೇಕು. ಪಣಂಬೂರಿನ ನವ ಮಂಗಳೂರು ಬಂದರಿಗೆ ಬೆಳಗ್ಗೆ ಬಂದ ಹಡಗಿನವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ದೇವಸ್ಥಾನ ನೋಡಿಕೊಂಡು ಸಂಜೆಗೆ ಓಡೋಡಿ ಬರುವುದೂ ಇದೇ ಭಯದಿಂದ.

ಊರಿಗೆ ಬಂದರೂ ನೆಂಟರ ಚಾಳಿ ಬದಲಾಗಲಿಲ್ಲ. ಕರಾವಳಿ, ಮಲೆನಾಡಿನ ದೇವಸ್ಥಾನಗಳ ಪ್ಯಾಕೇಜ್ ಟೂರು ಬೆಳಗಿನ ಜಾವ ಮೈಸೂರಿನಲ್ಲಿ ಮುಗಿಯುತ್ತದೆ. ಕಾಶಿ ಯಾತ್ರೆಯ ವಿಮಾನ ಅದೇ ರಾತ್ರಿ ಬೆಂಗಳೂರಿನಿಂದ. ನಡುವಿನ ಹಗಲು ಮಂಡ್ಯದ ಪಾಲಿಗೆ. ‘ಏನಾದ್ರೂ ಪ್ಲಾನ್ ಮಾಡಿಡಿ’ ಎಂದು ಫೋನಿನಲ್ಲಿ ಹೇಳಿ ಅವರು ನಿಶ್ಚಿಂತರಾದರು.

ಮನೆಯಲ್ಲಿ ಸಭೆ ಸೇರಿತು. ಅಮ್ಮನಿಗೆ ಅವರು ಮೇಲುಕೋಟೆಯ ಚೆಲುವನಾರಾಯಣನನ್ನು ನೋಡದೆ ಹೋಗಕೂಡದು. ಚಿಕ್ಕಪ್ಪನಿಗೆ ಕೆ.ಆರ್.ಎಸ್. ಓದಿಕೊಂಡ ತಮ್ಮ ಬಸರಾಳಿನ ಹೆಸರು ತೆಗೆದ: 1234ರ ಹೊಯ್ಸಳ ಗುಡಿ, ಜನಜಂಗುಳಿಯಿಲ್ಲ, ನೋಡುವವರೇ ಇಲ್ಲ. ಇನ್ಯಾರೋ ತಲಕಾಡು, ಸೋಮನಾಥಪುರ ಸೇರಿಸಿದರು. ದೂರ ಎಷ್ಟೆಂದು ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ: ‘ಇಲ್ಲೇ ಕಣ, ಒಂದ್ ಗಳ್ಗೆ.’ ಮಂಡ್ಯ ಜಿಲ್ಲೆಯಲ್ಲಿ ಯಾವ ಊರೂ ಒಂದು ಗಳಿಗೆಗಿಂತ ದೂರವಿಲ್ಲ. ಹಾಗೆ ಪಟ್ಟಿಯಲ್ಲಿದ್ದ ಗಳಿಗೆಗಳನ್ನೆಲ್ಲ ಕೂಡಿದರೆ ಎರಡು ಹಗಲು ಒಂದು ರಾತ್ರಿ ಆಗುತ್ತಿತ್ತು.

ಇಂಥ ದಿನದ ಲೆಕ್ಕವನ್ನು ಹೊರಡುವ ಹೊತ್ತಿನಿಂದ ಹಿಂದಕ್ಕೆ ಹಾಕಿಕೊಂಡು ಬರಬೇಕು. ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯ ಬಳಿ, ಅಂದರೆ ಬೆಂಗಳೂರನ್ನು ಪೂರ್ತಿ ದಾಟಿದ ಮೇಲೆ. ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ಮಂಡ್ಯದಿಂದ ಕೆಂಗೇರಿ ಮುಟ್ಟುವ ಹೊತ್ತನ್ನು ಗಡಿಯಾರ ನೋಡಿ ಹೇಳಬಹುದು. ಕೆಂಗೇರಿಯಿಂದ ದೇವನಹಳ್ಳಿ ಮುಟ್ಟುವ ಹೊತ್ತನ್ನು ಶಾಸ್ತ್ರ ಕೇಳಿಯೇ ತಿಳಿಯಬೇಕು. ಅದನ್ನೆಲ್ಲ ಕಳೆದು, ಸ್ನಾನ ತಿಂಡಿ ಕಳೆದು, ನೆಂಟರಿಷ್ಟರ ಮನೆಯಲ್ಲಿ ‘ಒಂದ್ ಲೋಟ ಕಾಫಿ ಕುಡ್ದೋಗಿ’ ಎಂಬುದನ್ನೂ ಕಳೆದರೆ ಉಳಿಯುವುದು ಒಂದು ಒಳ್ಳೆಯ ಜಾಗ ನೋಡುವಷ್ಟು ಹೊತ್ತು.

ಯಾವುದು ಆ ಜಾಗ? ಅದನ್ನು ಹೇಳುವುದು ಋತು. ಕೊಕ್ಕರೆ ಬೆಳ್ಳೂರಿಗೆ ಡಿಸೆಂಬರಿನಿಂದ ಮೇ ಒಳಗೆ ಹೋಗಬೇಕು. ಆಗ ಊರೊಳಗಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿರುತ್ತವೆ. ಊರವರೇ ಅವನ್ನು ಮನೆ ಮಗಳು ಬಾಣಂತನಕ್ಕೆ ಬಂದ ಹಾಗೆ ನೋಡಿಕೊಳ್ಳುವುದರಿಂದ 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ನೆಂಟರು ಬರುವುದು ಆಗಸ್ಟಿನಲ್ಲಿ. ಆಗ ಹೋದರೆ ಸಿಗುವುದು ಬರಿಯ ಹುಣಸೆ ಮರ. ಆಗಸ್ಟಿಗೆ ಸರಿಯಾದದ್ದು ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ. ಅದಕ್ಕೂ ಒಂದು ಷರತ್ತುಂಟು. ಕೆ.ಆರ್.ಎಸ್. ಇಲ್ಲವೇ ಕಬಿನಿಯಿಂದ ನೀರು ಬಿಟ್ಟಿರಬೇಕು. ಬಿಡದಿದ್ದರೆ ಬಂದಷ್ಟು ನೀರೂ ವಿದ್ಯುತ್ ಕೇಂದ್ರದ ನಾಲೆಗೆ ತಿರುಗಿ, ಜಲಪಾತದ ಜಾಗದಲ್ಲಿ ಕಪ್ಪು ಬಂಡೆ ಬಿಸಿಲು ಕಾಯಿಸುತ್ತಿರುತ್ತದೆ. ಹಡಗಿನವರು ಉಬ್ಬರ ಇಳಿತ ನೋಡುವ ಹಾಗೆ ನಮ್ಮವರು ಪೇಪರಿನಲ್ಲಿ ಒಳಹರಿವು ಹೊರಹರಿವು ನೋಡಬೇಕು. ಆ ವಾರ ಕಬಿನಿ ತುಂಬಿತ್ತು. ಅಲ್ಲಿಗೆ ತೀರ್ಮಾನವಾಯಿತು.

ಮದ್ದೂರಿನ ಮೇಲೆ ಹೋದೆವು. ಸುತ್ತಾದರೂ ಮದ್ದೂರನ್ನು ಬಿಡುವಂತಿಲ್ಲ, ಯಾಕೆಂದರೆ ನಡುವಿನ ಹೊತ್ತಿನಿಂದಲೇ ಹೆಸರಾದ ಊರು ಅದು. ರೈಲು ನಿಲ್ಲುವ ಕೆಲವು ನಿಮಿಷಗಳೇ ಆ ಊರಿನ ಕೀರ್ತಿ. 1917ರಲ್ಲಿ ರಾಮಚಂದ್ರ ಬುಧ್ಯ ಎಂಬವರು ಸ್ಟೇಷನ್ನಿನಲ್ಲಿ ಪಕೋಡ ಕರಿದು ಮಾರುತ್ತಿದ್ದರು, ಒಂದು ದಿನ ರೈಲು ಹೊತ್ತಿಗೆ ಮುಂಚೆ ಬಂದುಬಿಟ್ಟಿತು, ಉಂಡೆ ಬೇಯುವಷ್ಟು ಪುರಸೊತ್ತಿಲ್ಲವೆಂದು ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು ಎಂಬುದು ಮದ್ದೂರು ಹೇಳಿಕೊಂಡು ಬಂದ ಕಥೆ. ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾ, ಧಾರಾಳವಾಗಿ ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ. ತೆಳ್ಳಗಿರುವುದರಿಂದ ಬೇಗ ಬೇಯುತ್ತದೆ, ಚಟ್ನಿ ಇಲ್ಲದಿದ್ದರೂ ನಡೆಯುತ್ತದೆ, ಕಾಗದದಲ್ಲಿ ಸುತ್ತಿಕೊಂಡು ಓಡಿ ಗಾಡಿ ಹತ್ತಬಹುದು. ಪುರಸೊತ್ತಿಲ್ಲದವರಿಗಾಗಿ ಪುರಸೊತ್ತಿಲ್ಲದವರು ಮಾಡಿದ ತಿಂಡಿ.

2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರಿನವರಿಗೆ ಮದ್ದೂರು ಬೇಡವಾಯಿತು. ರಸ್ತೆ ಊರಿಗೆ ಇಳಿಯದೆಯೇ ಮುಂದೆ ಹೋಗುತ್ತದೆ. ರಾಮನಗರ, ಚನ್ನಪಟ್ಟಣ, ಮಂಡ್ಯಕ್ಕೂ ಅದೇ ಗತಿ. ಬೆಂಗಳೂರಿನವರಿಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಉಳಿಯಿತು. ಹಳೆ ರಸ್ತೆಯ ಹೋಟೆಲಿನವರಿಗೆ, ಬೊಂಬೆ ಮಾರುವವರಿಗೆ, ಎಳನೀರಿನವರಿಗೆ ಅಷ್ಟೇ ಹೊತ್ತಿನ ವ್ಯಾಪಾರ ಹೋಯಿತು. ಮದ್ದೂರಿನ ಎಳನೀರು ಮಾರುಕಟ್ಟೆ ಮಾತ್ರ ಕಾರಿನವರನ್ನು ನಂಬಿಕೊಂಡು ಕುಳಿತಿಲ್ಲ. ಅಲ್ಲಿಂದ ಲಾರಿಗಳು ಮುಂಬೈ, ದೆಹಲಿಗೆ ಹೊರಡುತ್ತವೆ. ಹಳೆ ರಸ್ತೆಯಲ್ಲೇ ಹೋದದ್ದರಿಂದ ಶಿವಪುರದ ಸತ್ಯಾಗ್ರಹ ಸೌಧವೂ ಕಂಡಿತು. 1938ರ ಏಪ್ರಿಲಿನಲ್ಲಿ, ಮೈಸೂರು ಸರ್ಕಾರದ ನಿಷೇಧ ಮೀರಿ ಕಾಂಗ್ರೆಸ್ಸಿನ ಬಾವುಟ ಹಾರಿಸಿದ ಜಾಗ. ಎಕ್ಸ್‌ಪ್ರೆಸ್‌ವೇ ಮೇಲಿಂದ ಬಾವುಟವೂ ಕಾಣದು, ವಡೆಯ ವಾಸನೆಯೂ ಬಾರದು.

ಮದ್ದೂರಿನಿಂದ ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿ ಕಡೆ ಹೋಗುವಾಗ ಗದ್ದೆ ಬದಿಯಲ್ಲೊಂದು ಆಲೆಮನೆಯ ಹೊಗೆ ಕಂಡಿತು. ನೆಂಟರಾಕೆ ಹುಟ್ಟಿದ್ದು ಮಳವಳ್ಳಿ ಸೀಮೆಯಲ್ಲೇ. ಗಾಜು ಇಳಿಸಿದರು, ವಾಸನೆ ಬಡಿಯಿತು, ಕಾರು ನಿಲ್ಲಿಸಿ ಎಂದರು. ಒಳಗೆ ಅಗಲವಾದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಬ್ಬ ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಿದ್ದ, ಇನ್ನೊಬ್ಬ ಜಾಲರಿ ಸೌಟಿನಲ್ಲಿ ಮೇಲೆ ಬಂದ ಮಡ್ಡಿ ಎತ್ತಿ ಹೊರಗೆ ಹಾಕುತ್ತಿದ್ದ. ಮೊದಲು ಬೂದು ಬಣ್ಣ, ಆಮೇಲೆ ಹಳದಿ, ಆಮೇಲೆ ಕೆಂಪು. ಸಣ್ಣ ಗುಳ್ಳೆ ಹೋಗಿ ದಪ್ಪ ಗುಳ್ಳೆ ‘ಬುಳಕ್’ ಎನ್ನತೊಡಗಿದಾಗ ಪಾಕ ಹತ್ತಿರ ಬಂದಂತೆ. ಅಮೆರಿಕದ ಭಾವ ಮಣಿಕಟ್ಟಿನ ಗಡಿಯಾರ ನೋಡಿಕೊಂಡು ‘ಇನ್ನೆಷ್ಟು ಹೊತ್ತು?’ ಎಂದರು. ಮಡ್ಡಿ ತೆಗೆಯುತ್ತಿದ್ದವನು ತಲೆ ಎತ್ತದೆ, ‘ಪಾಕ ಬರೋಗಂಟ ಸಾ’ ಎಂದ. ಬಂದಿತು. ಕೊಪ್ಪರಿಗೆ ಮಗುಚಿದರು, ಪಾಕ ಮರದ ಅಚ್ಚಿಗೆ ಇಳಿಯಿತು. ಕಬ್ಬಿನ ಜಲ್ಲೆಯ ತುಂಡಿಗೆ ಬಿಸಿ ಬೆಲ್ಲ ಅಂಟಿಸಿ ಕೊಟ್ಟರು. ಆಕೆ ಅದನ್ನು ಮುಗಿಸುವ ತನಕ ಒಂದು ಮಾತೂ ಆಡಲಿಲ್ಲ. ಪಟ್ಟಿಯಲ್ಲಿ ಇಲ್ಲದ ಜಾಗ ಅದು.

ಗಗನಚುಕ್ಕಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಭಾವ ವಿದ್ಯುತ್ ಎಂಜಿನಿಯರಾಗಿದ್ದವರು. ಶಿವನಸಮುದ್ರದ ದ್ವೀಪವನ್ನು ಕಾವೇರಿ ಎರಡು ಕವಲಾಗಿ ಬಳಸಿ, ಈ ಕಡೆ ಗಗನಚುಕ್ಕಿಯಾಗಿ, ಕೊಳ್ಳೇಗಾಲದ ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. 1902ರಲ್ಲಿ ಇಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿ.ಮೀ. ತಂತಿಯ ಮೇಲೆ ಹೋಗಿ ಕೋಲಾರದ ಚಿನ್ನದ ಗಣಿಯ ಯಂತ್ರ ತಿರುಗಿಸಿತು. ಬೆಂಗಳೂರಿನ ಬೀದಿ ದೀಪಕ್ಕೆ ಬಂದದ್ದು ಇನ್ನೂ ಮೂರು ವರ್ಷ ಕಳೆದು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸುವುದು ಅಂದಿನ ಲೋಕದಲ್ಲೇ ದೊಡ್ಡ ಸಾಹಸ. ಓದಿದ ಕಾಲದಿಂದ ಪುಸ್ತಕದಲ್ಲಷ್ಟೇ ಕಂಡಿದ್ದ ಜಾಗದ ಎದುರು ಅವರು ಕಂಬಿ ಹಿಡಿದು ನಿಂತರು. ಹನಿ ಹಾರಿ ಕನ್ನಡಕ ಮಂಜಾದರೂ ಒರೆಸಿಕೊಳ್ಳಲಿಲ್ಲ. ಭರಚುಕ್ಕಿಗೂ ಹೋಗಿಬರೋಣವೇ ಎಂದು ಡ್ರೈವರ್ ಕೇಳಿದ. ‘ಇಲ್ಲೇ ಪಕ್ಕ, ಒಂದ್ ಗಳ್ಗೆ.’ ಬೇಡವೆಂದೆವು. ಮದ್ದೂರು, ಆಲೆಮನೆ, ಗಗನಚುಕ್ಕಿ. ನೋಡಿದ್ದು ಇಷ್ಟೇ, ವಿಮಾನವೂ ತಪ್ಪಲಿಲ್ಲ.

ಎರಡು ಪ್ರವಾಸಗಳ ನಡುವಿನ ದಿನವನ್ನು ಮೂರನೆಯ ಪ್ರವಾಸ ಮಾಡಿಬಿಡುವುದು ನಾವೆಲ್ಲ ಮಾಡುವ ಕೆಲಸ. ಬಿಡುವನ್ನು ಪಟ್ಟಿಯಿಂದ ತುಂಬಿಸಿದರೆ ಅದು ಬಿಡುವಾಗಿ ಉಳಿಯುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳು ಬಹಳ ಜನಕ್ಕೆ ಎಲ್ಲಿಗೋ ಹೋಗುವ ದಾರಿಯ ಊರುಗಳು. ದಾರಿಯಲ್ಲಿ ನಿಂತವರಿಗೆ ಏನು ಕೊಡಬೇಕೆಂದು ಅವಕ್ಕೆ ಗೊತ್ತು. ಹಾಗಾಗಿ ಮೈಸೂರಿಗೋ ಬೆಂಗಳೂರಿಗೋ ಹೊರಟು ನಡುವೆ ಒಂದು ಹಗಲು ಉಳಿದರೆ ಹೆದ್ದಾರಿ ಬಿಟ್ಟು ಇಳಿಯಿರಿ. ಪಟ್ಟಿಯಲ್ಲಿ ಒಂದೇ ಹೆಸರಿರಲಿ, ಹೊರಡುವ ಹೊತ್ತು ನೆನಪಿರಲಿ, ನೀರು ಬಿಟ್ಟಿದ್ದಾರೋ ಇಲ್ಲವೋ ಮೊದಲೇ ವಿಚಾರಿಸಿಕೊಳ್ಳಿ. ದೂರ ಎಷ್ಟೆಂದು ಮಾತ್ರ ನಮ್ಮವರನ್ನು ಕೇಳಬೇಡಿ.