ಡಾಲ್ಫಿನ್ ಕಾಣದಿದ್ದರೆ ಹಣ ಬೇಡ

ಗೋವೆಯ ದಂಡೆಯಲ್ಲಿ ದೋಣಿಯವರು ಗಿರಾಕಿಗಳನ್ನು ಕರೆಯುವ ಒಂದು ಮಾತುಂಟು: "ಡಾಲ್ಫಿನ್ ಕಾಣದಿದ್ದರೆ ಹಣ ಬೇಡ." ನಾವು ಸೊಲ್ಲಾಪುರದಲ್ಲಿ ನಲವತ್ತು ವರ್ಷ ಅರಿವೆ ಅಂಗಡಿ ನಡೆಸಿದವರು. ಇಂಥ ಕರಾರು ಕಿವಿಗೆ ಬಿದ್ದರೆ, ಇದರ ನಷ್ಟ ಯಾರಿಗೆ ಎಂದು ಲೆಕ್ಕ ಹಾಕುವುದು ನಮ್ಮ ರೂಢಿ. ಮೇಲ್ನೋಟಕ್ಕೆ ನಷ್ಟ ದೋಣಿಯವನದು. ನಿಜವಾಗಿ ಅದು ಆ ಮೂಕಪ್ರಾಣಿಯದು.

2023ರ ಡಿಸೆಂಬರದಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳನ್ನು ಕಟ್ಟಿಕೊಂಡು ಮುಂಜಾನೆ ದೋಣಿ ಹತ್ತಿದೆವು. ಆಗ್ವಾದ ಕೋಟೆಯ ಹತ್ತಿರ, ಮಾಂಡವಿ ನದಿ ಸಮುದ್ರ ಕೂಡುವ ಕಡೆ, ಬೂದುಬಣ್ಣದ ಒಂದು ಬೆನ್ನು ನೀರಿನ ಮೇಲೆ ಬಂತು. ಅದರ ಮಗ್ಗುಲಿಗೆ ಚಿಕ್ಕದೊಂದು. ತಾಯಿ ಮತ್ತು ಮರಿ! "ಪುಸ್" ಎಂದು ಉಸಿರು ಬಿಟ್ಟ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು. ಅಷ್ಟರಲ್ಲಿ ನಾಲ್ಕೈದು ದೋಣಿಗಳು ಧಾವಿಸಿ ಬಂದವು. ಎರಡೂ ಮುಳುಗಿದವು. ನಮ್ಮ ದೋಣಿಯವನೂ ವೇಗ ಹೆಚ್ಚಿಸತೊಡಗಿದ. "ತಮ್ಮಾ, ಇಂಜಿನ್ ಬಂದ್ ಮಾಡು. ಕಾಣಲಿ ಬಿಡಲಿ, ನಿನ್ನ ಹಣ ಪೂರ್ತಿ ಕೊಡುತ್ತೇವೆ" ಎಂದು ಮರಾಠಿಯಲ್ಲಿ ಹೇಳಿದೆವು. ಆತ ನಕ್ಕು, "ಶೇಟಜಿ, ಹೀಗೆ ಹೇಳುವ ಗಿರಾಕಿ ಸಿಗುವುದಿಲ್ಲ" ಎಂದು ಇಂಜಿನ್ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ತಾಯಿ-ಮರಿ ದೂರದಲ್ಲಿ ಮತ್ತೊಮ್ಮೆ ಕಂಡವು. ನಮಗೆ ಅಷ್ಟೇ ಸಾಕಾಯಿತು.

"ಅಜ್ಜಾ, ಮೀನು ಉಸಿರು ಬಿಡುತ್ತದೇನು?" ಎಂದು ಕಿರಿಯ ಮೊಮ್ಮಗಳು ಕೇಳಿದಳು. ಡಾಲ್ಫಿನ್ ಮೀನಲ್ಲ. ಒಂದು ಬಸಿರಿಗೆ ಒಂದೇ ಮರಿ ಹೆತ್ತು, ಹಾಲೂಡಿಸಿ ಸಾಕುವ ಪ್ರಾಣಿ. ಗಾಳಿಗಾಗಿ ಅದು ಮೇಲೆ ಬರಲೇಬೇಕು. ಗೋವೆಯ ದಂಡೆಯಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್ ಆಳವಿಲ್ಲದ ನೀರಿನಲ್ಲಿಯೇ ಬದುಕುವುದು. ಹೀಗಾಗಿ ದೋಣಿಗಳಿಗೆ ಹೆದರಿ ನಡುಗಡಲಿಗೆ ಹೋಗಿ ನೆಲೆಸಲಾರದು. ತಾನೇ ಶಬ್ದ ಹೊರಡಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ದಾರಿಯನ್ನೂ ಆಹಾರವನ್ನೂ ಹುಡುಕುತ್ತದೆ. ಹತ್ತು ಇಂಜಿನುಗಳ ಗದ್ದಲದಲ್ಲಿ ಅದರ ಗತಿಯೇನು? ಈ ಜಾತಿ ಇಂದು ಅಳಿವಿನ ಅಂಚಿನಲ್ಲಿದೆ. 1972ರ ವನ್ಯಜೀವಿ ಕಾಯದೆಯ ಮೊದಲನೆಯ ಅನುಸೂಚಿಯಲ್ಲಿ ಇದಕ್ಕೆ ರಕ್ಷಣೆಯುಂಟು. ಆದರೆ ಪ್ರತಿ ದೋಣಿಯಲ್ಲಿ ಪೋಲೀಸರು ಕೂಡ್ರಲು ಸಾಧ್ಯವೆ?

ದೋಣಿಯವರನ್ನು ದೂರಿ ಫಲವಿಲ್ಲ. ಅವರಿಗೂ ಹೊಟ್ಟೆಯುಂಟು, ದೋಣಿಯ ಸಾಲವುಂಟು. ಗಿರಾಕಿ ಕೇಳಿದ ಮಾಲನ್ನೇ ಪೇಟೆ ತರುತ್ತದೆಂಬುದು ವ್ಯಾಪಾರಸ್ಥರಾದ ನಮಗಿಂತ ಚೆನ್ನಾಗಿ ಯಾರು ಬಲ್ಲರು? ಇರುವೆ ತುಳಿಯದಂತೆ ನೋಡಿ ನಡೆಯುವ ನಮಗೆ, ಜಲಚರ ಪಂಚೇಂದ್ರಿಯ ಜೀವವನ್ನು ಬೆನ್ನಟ್ಟುವ ವಿನೋದ ಒಪ್ಪುವುದಿಲ್ಲ. ರಜೆಯಲ್ಲಿ ಗೋವೆಗೆ ಹೋಗುವ ಬಂಧುಗಳು ದೋಣಿ ಹತ್ತುವ ಮೊದಲೇ ಮಾತಾಡಿಕೊಳ್ಳಲಿ: ಬೆನ್ನಟ್ಟಬಾರದು, ದೂರದಲ್ಲಿ ಇಂಜಿನ್ ನಿಲ್ಲಿಸಬೇಕು, ಕಾಣದಿದ್ದರೂ ಪೂರ್ತಿ ಬಾಡಿಗೆ. ಇದರಲ್ಲಿ ಯಾರಿಗೂ ನಷ್ಟವಿಲ್ಲ.